ನಕ್ಷತ್ರಪಥದ ಚಿತ್ರ: ಗೆರೆ ತುಂಡಾಗದಂತೆ ನೋಡಿಕೊಳ್ಳುವ ಕೆಲಸ

ಭೂಮಿ ತಿರುಗಿದಂತೆ ನಕ್ಷತ್ರಗಳು ಆಕಾಶದಲ್ಲಿ ಎಳೆಯುವ ಗೆರೆಯೇ ನಕ್ಷತ್ರಪಥ; ಅರ್ಧ ನಿಮಿಷದಷ್ಟು ಹೊತ್ತಿನ ಬಿಡಿ ಚಿತ್ರಗಳನ್ನು ಸಾಲಾಗಿ ತೆಗೆದು ಪೇರಿಸಿದರೆ ಅದು ಮೂಡುತ್ತದೆ. ಮೊದಲ ರಾತ್ರಿ ತೆಗೆದ ನಕ್ಷತ್ರಪಥದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ, ಪ್ರತಿಯೊಂದು ನಕ್ಷತ್ರದ ಜಾಡೂ ಕೈಹೊಲಿಗೆಯ ದಾರದಂತೆ ಒಂದಿಷ್ಟು ಕಂಡು ಮತ್ತೊಂದಿಷ್ಟು ಮರೆಯಾಗುತ್ತಿತ್ತು. ಒಂದು ಗಂಟೆಯಲ್ಲಿ ನೂರಹತ್ತರಷ್ಟು ಚಿತ್ರಗಳು ಇರಬೇಕಾದ ಕಾರ್ಡಿನಲ್ಲಿ 56 ಮಾತ್ರ ಇದ್ದವು. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ದೀರ್ಘ ಎಕ್ಸ್‌ಪೋಷರಿನ (ಷಟರ್ ತೆರೆದಿರುವ ಹೊತ್ತಿನ) ನಾಯ್ಸ್ ರಿಡಕ್ಷನ್, ಅಂದರೆ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು ಕಡಿಮೆ ಮಾಡುವ ಸೌಲಭ್ಯ ಚಾಲನೆಯಲ್ಲಿದ್ದುದರಿಂದ, ಕ್ಯಾಮೆರಾ ಪ್ರತಿ ಚಿತ್ರದ ನಂತರವೂ ಷಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಚಿತ್ರವನ್ನು ತನ್ನೊಳಗೇ ತೆಗೆಯುತ್ತಿತ್ತು. ಆ ಹೊತ್ತಿನಲ್ಲೂ ಆಕಾಶ ತಿರುಗುತ್ತಲೇ ಇತ್ತು. ಈಗ ಟ್ರೈಪಾಡ್ ನಿಲ್ಲಿಸುವ ಮೊದಲೇ ಆ ಸೌಲಭ್ಯವನ್ನು ಆಫ್ ಮಾಡಿಬಿಡುತ್ತೇನೆ.

ಭೂಮಿ ತನ್ನ ಅಕ್ಷದ ಮೇಲೆ 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ತಿರುಗುವುದರಿಂದ, ಗಂಟೆಗೆ ಸುಮಾರು 15 ಡಿಗ್ರಿಯಷ್ಟು ಕಮಾನು ಮೂಡುತ್ತದೆ. ಇಡೀ ಗಂಟೆ ಷಟರ್ ತೆರೆದಿಟ್ಟು ಒಂದೇ ಚಿತ್ರ ತೆಗೆಯುವುದು ಫಿಲ್ಮಿನ ಕಾಲದ ಕ್ರಮ. ಡಿಜಿಟಲ್ ಕ್ಯಾಮೆರಾದಲ್ಲಿ ಹಾಗೆ ಮಾಡಿದರೆ ಆಕಾಶದ ಮಂದ ಬೆಳಕೆಲ್ಲ ಸೇರಿ ಚಿತ್ರ ಬಿಳಿಚಿಕೊಳ್ಳುತ್ತದೆ, ಸೆನ್ಸರ್ ಬಿಸಿಯಾಗಿ ನಾಯ್ಸ್ ಹೆಚ್ಚುತ್ತದೆ, ಯಾರೋ ಒಬ್ಬರು ಟಾರ್ಚ್ ಬೀಸಿದರೂ ಗಂಟೆಯ ಶ್ರಮ ಹಾಳಾಗುತ್ತದೆ. ಆದ್ದರಿಂದ 30 ಸೆಕೆಂಡುಗಳ ಚಿತ್ರಗಳನ್ನು ಬಿಡುವಿಲ್ಲದೆ ತೆಗೆದು, ಆಮೇಲೆ ಒಂದರ ಮೇಲೊಂದು ಪೇರಿಸುವುದೇ ಹೊಸಬರಿಗೆ ಸುರಕ್ಷಿತವಾದ ದಾರಿ.

ಇಲ್ಲಿಯೂ ಒಂದು ಸಣ್ಣ ಮೋಸವಿದೆ. ಹಲವು ಕ್ಯಾಮೆರಾಗಳಲ್ಲಿ 30 ಸೆಕೆಂಡ್ ಎಂದು ತೋರಿಸುವ ಎಕ್ಸ್‌ಪೋಷರ್ ನಿಜದಲ್ಲಿ 32 ಸೆಕೆಂಡ್ ಇರುತ್ತದೆ. ನಿಗದಿತ ಅಂತರದಲ್ಲಿ ಕ್ಯಾಮೆರಾಗೆ ಆಜ್ಞೆ ಕೊಡುವ ಇಂಟರ್ವಲೋಮೀಟರಿಗೆ 31 ಸೆಕೆಂಡುಗಳ ಅಂತರ ಕೊಟ್ಟರೆ, ಮುಂದಿನ ಆಜ್ಞೆ ಬರುವ ಹೊತ್ತಿಗೆ ಷಟರ್ ಇನ್ನೂ ತೆರೆದೇ ಇದ್ದು, ಒಂದು ಬಿಟ್ಟು ಒಂದು ಚಿತ್ರ ತಪ್ಪಿಹೋಗುತ್ತದೆ. ನಾನು ಈ ಲೆಕ್ಕದ ಗೋಜಿಗೇ ಹೋಗದೆ, ಕ್ಯಾಮೆರಾವನ್ನು ಒಂದರ ಹಿಂದೊಂದು ಚಿತ್ರ ತೆಗೆಯುವ ಕಂಟಿನ್ಯೂಯಸ್ ಮೋಡಿಗೆ ಹಾಕಿ, ವೈರಿನ ರಿಮೋಟಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿಬಿಡುತ್ತೇನೆ.

ಎಕ್ಸ್‌ಪೋಷರಿನ ವಿಷಯದಲ್ಲಿ ನನಗೆ ತಡವಾಗಿ ಹೊಳೆದದ್ದೊಂದಿದೆ. ನಕ್ಷತ್ರ ಸರಿಯುತ್ತಲೇ ಇರುವುದರಿಂದ, ಅದರ ಬೆಳಕು ಸೆನ್ಸರಿನ ಒಂದೊಂದು ಪಿಕ್ಸೆಲ್ ಮೇಲೆ ಕೆಲವೇ ಸೆಕೆಂಡ್ ನಿಲ್ಲುತ್ತದೆ. ಹಾಗಾಗಿ ಷಟರನ್ನು ಎಷ್ಟೇ ಹೊತ್ತು ತೆರೆದಿಟ್ಟರೂ ಗೆರೆಯ ಹೊಳಪು ಹೆಚ್ಚುವುದಿಲ್ಲ, ಹೆಚ್ಚುವುದು ಆಕಾಶದ ಮತ್ತು ನೆಲದ ಬೆಳಕು ಮಾತ್ರ. ಗೆರೆಯ ಹೊಳಪನ್ನು ನಿರ್ಧರಿಸುವುದು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಎಫ್/2.8 ಮತ್ತು 1600 ಐಎಸ್‌ಒ ಇಟ್ಟು ತೆಗೆದಾಗ ಪ್ರಖರ ನಕ್ಷತ್ರಗಳೆಲ್ಲ ಬರೀ ಬೆಳ್ಳಗೆ ಸುಟ್ಟಂತೆ ಬಂದಿದ್ದವು. ಎಫ್/4 ಮತ್ತು 800ಕ್ಕೆ ಇಳಿಸಿದ ಮೇಲೆ ಮಂಕು ನಕ್ಷತ್ರಗಳು ಕಡಿಮೆಯಾದರೂ, ಆರ್ದ್ರೆಯ ಕೆಂಪು ಮತ್ತು ಲುಬ್ಧಕದ ನೀಲಿಬಿಳುಪು ಗೆರೆಯಲ್ಲಿಯೇ ಉಳಿದವು. ಬಣ್ಣಗಳ ಛಾಯೆಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬಾರದು. ಚಿತ್ರದಿಂದ ಚಿತ್ರಕ್ಕೆ ಬಣ್ಣ ಬದಲಾಗುತ್ತದೆ.

ಫೋಕಸ್ ಮಾಡಲು ಮ್ಯಾನುಯಲ್ ಮೋಡಿನಲ್ಲಿ ಲೈವ್ ವ್ಯೂ (ಪರದೆಯ ಮೇಲಿನ ನೇರ ನೋಟ) ತೆರೆದು, ಪ್ರಖರವಾದ ಒಂದು ನಕ್ಷತ್ರವನ್ನು ಹತ್ತುಪಟ್ಟು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ರಿಂಗನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸುತ್ತೇನೆ. ಲೆನ್ಸಿನ ಮೇಲಿರುವ ಅನಂತದ ಗುರುತನ್ನು ನಾನು ನಂಬುವುದಿಲ್ಲ. ಚುಕ್ಕಿ ಸರಿಹೋದ ಕೂಡಲೇ ರಿಂಗಿಗೆ ಟೇಪ್ ಅಂಟಿಸಿ, ಕೈಯ ಅಲುಗಾಟವನ್ನು ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಷನ್ ಆಫ್ ಮಾಡುತ್ತೇನೆ.

ಉತ್ತರ ಗೋಳಾರ್ಧದಲ್ಲಿ ಸುತ್ತುಸುತ್ತಾದ ಗೆರೆಗಳು ಬೇಕಿದ್ದರೆ ಧ್ರುವನಕ್ಷತ್ರ ಚೌಕಟ್ಟಿನೊಳಗಿರಬೇಕು. ಸಪ್ತರ್ಷಿಮಂಡಲದ ಪುಲಹ ನಕ್ಷತ್ರದಿಂದ ಕ್ರತು ನಕ್ಷತ್ರಕ್ಕೆ ಎಳೆದ ಗೆರೆಯನ್ನು ಅದರ ಐದುಪಟ್ಟು ಮುಂದುವರಿಸಿದರೆ ಅದು ಸಿಗುತ್ತದೆ, ಮತ್ತು ನಾವು ನಿಂತ ಊರಿನ ಅಕ್ಷಾಂಶ ಎಷ್ಟೋ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ, ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ಕಲ್ಪಿತ ವೃತ್ತದ) ಬಳಿ ಇರುವ, ಮಹಾವ್ಯಾಧ (ಒರೈಯನ್) ನಕ್ಷತ್ರಪುಂಜದ ನಡುಪಟ್ಟಿಯಂಥ ನಕ್ಷತ್ರಗಳು ಹೆಚ್ಚುಕಡಿಮೆ ನೇರ ಗೆರೆಗಳನ್ನು ಎಳೆಯುತ್ತವೆ.

ಎರಡನೆಯ ಪ್ರಯತ್ನವನ್ನು ಕೆಡಿಸಿದ್ದು ಇಬ್ಬನಿ. ನಡುರಾತ್ರಿಯ ನಂತರದ ಚಿತ್ರಗಳಲ್ಲಿ ನಕ್ಷತ್ರಗಳು ಒಂದೊಂದಾಗಿ ಹತ್ತಿಯ ಉಂಡೆಗಳಾಗುತ್ತ ಹೋಗಿದ್ದವು. ಟಾರ್ಚ್ ಹಾಕಿ ನೋಡಿದರೆ ಲೆನ್ಸಿನ ಗಾಜಿನ ಮೇಲೆ ಉಸಿರು ಬಿಟ್ಟಂತೆ ಮಂಜು ಕವಿದಿತ್ತು. ಒರೆಸಲು ಹೋದರೆ ಕ್ಯಾಮೆರಾ ಅಲುಗುತ್ತದೆ, ಒರೆಸಿದರೂ ಮತ್ತೆ ಕೂರುತ್ತದೆ. ಲೆನ್ಸಿನ ಸುತ್ತ ಬಿಸಿಪಟ್ಟಿ ಕಟ್ಟಿ, ಗಾಜನ್ನು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿಟ್ಟರೆ ಸಾಕು, ಇಬ್ಬನಿ ಕೂರುವುದಿಲ್ಲ.

ಪೇರಿಸುವ ಕೆಲಸಕ್ಕೆ ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತೇನೆ. ಲೈಟನ್ ಎಂಬ ವಿಧಾನದಲ್ಲಿ, ಪ್ರತಿ ಬಿಂದುವಿಗೂ ಎಲ್ಲ ಚಿತ್ರಗಳ ಪೈಕಿ ಅತ್ಯಂತ ಬೆಳಗಿದ್ದನ್ನಷ್ಟೇ ಉಳಿಸಿಕೊಳ್ಳುವುದರಿಂದ ಆಕಾಶ ಕಪ್ಪಾಗಿಯೇ ಇರುತ್ತದೆ. ವಿಮಾನ ಹಾದುಹೋದ ಚಿತ್ರವಿದ್ದರೆ ಅದನ್ನು ತೆಗೆದುಹಾಕಬಾರದು, ಗೆರೆ ತುಂಡಾಗುತ್ತದೆ; ವಿಮಾನದ ದೀಪದ ಮೇಲಷ್ಟೇ ಕಪ್ಪು ಬಳಿದು ಚಿತ್ರವನ್ನು ಹಾಗೆಯೇ ಸೇರಿಸಬೇಕು.

ಮೂರನೆಯ ಸಲ ಮೂರು ಗಂಟೆ ಕುಳಿತು ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಪೇರಿಸಿದಾಗ, 45 ಡಿಗ್ರಿಯ ಕಮಾನುಗಳು ಎಲ್ಲಿಯೂ ಕಡಿಯದೆ ಬಂದಿದ್ದವು. ನಡುವಿನ ಚುಕ್ಕಿಯನ್ನು ಹಿಗ್ಗಿಸಿ ನೋಡಿದೆ. ಅಲುಗುವುದಿಲ್ಲವೆಂದು ಚಿಕ್ಕಂದಿನಿಂದ ಕೇಳಿದ್ದ ಧ್ರುವನಕ್ಷತ್ರವೂ ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗೂ ಕಡಿಮೆ ದೂರದಲ್ಲಿ, ಉಗುರು ಕತ್ತರಿಸಿ ಎಸೆದಷ್ಟು ಚಿಕ್ಕದೊಂದು ಕಮಾನನ್ನು ಎಳೆದಿತ್ತು.