ಗೋಡೆ ಎಳೆಯುವ ಮೊದಲು ಸೆಕ್ಷನ್ ಎಬ್ಬಿಸಿ ನಿಲ್ಲಿಸಿ

ದಾವಣಗೆರೆಯಲ್ಲಿ ನನ್ನ ಟೇಬಲ್ಲಿಗೆ ಬರುವ ಪ್ಲಾನ್‌ಗಳಲ್ಲಿ ಜಾಸ್ತಿ 30×40 ಸೈಟಿನ ಮನೆಗಳೇ. ಗೋಡೆಯ ಗೆರೆಗಳನ್ನು ಮೇಲಕ್ಕೆ ಎಳೆದರೆ ಮನೆಯ ತ್ರೀಡಿ ಮಾಡೆಲ್ ಆಯ್ತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಪ್ಲಾನಿನಲ್ಲಿ ಸಿಗೋದು ಉದ್ದ, ಅಗಲ ಮಾತ್ರ. ಎತ್ತರ ಇರೋದು ಸೆಕ್ಷನ್ನಿನಲ್ಲಿ, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದಂತೆ ಬರೆದ ಚಿತ್ರದಲ್ಲಿ. ಎರಡನ್ನೂ ಜೊತೆಗಿಟ್ಟುಕೊಂಡೇ ಕೂತುಕೊಳ್ಳಿ.

ಮೊದಲು ಕ್ಯಾಡ್ ಫೈಲಿನಿಂದ (ಕಂಪ್ಯೂಟರಿನಲ್ಲಿ ಬರೆದ ಪ್ಲಾನ್) ಅಳತೆ, ಬರಹ, ಹ್ಯಾಚ್ (ಜಾಗ ತುಂಬಿಸಿದ ಗೆರೆಗಳು), ಸೋಫಾ, ಮಂಚ ಎಲ್ಲ ತೆಗೆಯಿರಿ. ಓವರ್‌ಕಿಲ್ ಕಮಾಂಡ್ ಕೊಟ್ಟರೆ ಒಂದರ ಮೇಲೊಂದು ಬಿದ್ದ ಗೆರೆಗಳೂ ಹೋಗುತ್ತವೆ. ತ್ರೀಡಿ ಮಾಡುವ ಸಾಫ್ಟ್‌ವೇರ್ ಸ್ಕೆಚ್‌ಅಪ್‌ಗೆ ತಂದ ಕೂಡಲೇ ಹೊರಗೋಡೆಯ ದಪ್ಪ ಅಳೆಯಿರಿ. 9 ಇಂಚಿನ ಗೋಡೆ ಸುಮಾರು 230 ಮಿ.ಮೀ. ಬರಬೇಕು. ಬರದಿದ್ದರೆ ಯೂನಿಟ್ ತಪ್ಪಿದೆ, ಸರಿಮಾಡದೆ ಮುಂದೆ ಹೋಗಬೇಡಿ. ಬರೀ ಪ್ರಿಂಟ್ ಇದ್ದರೆ ಸ್ಕ್ಯಾನ್ ಮಾಡಿ ತನ್ನಿ. ಗೊತ್ತಿರುವ ಒಂದು ಅಳತೆಯನ್ನು ಟೇಪ್ ಟೂಲಿನಲ್ಲಿ ಹಿಡಿದು ನಿಜವಾದ ಉದ್ದ ಟೈಪ್ ಮಾಡಿದರೆ ಇಡೀ ಚಿತ್ರ ಅಳತೆಗೆ ಕೂರುತ್ತದೆ.

ಈಗ ಪ್ಲಾನನ್ನು ಗ್ರೂಪ್ ಮಾಡಿ, ಲಾಕ್ ಮಾಡಿ. ಸೆಕ್ಷನ್ನನ್ನು 90 ಡಿಗ್ರಿ ಎಬ್ಬಿಸಿ, ಪ್ಲಾನಿನಲ್ಲಿ ಅದನ್ನು ಕತ್ತರಿಸಿದ ಗೆರೆಯ ಮೇಲೇ ನಿಲ್ಲಿಸಿ. ಗೋಡೆಗಳನ್ನು ಹೊಸದಾಗಿ ಬರೆದು, ಪುಶ್‌ಪುಲ್ ಟೂಲಿನಿಂದ ಸೆಕ್ಷನ್ನಿನ ಗೆರೆ ಮುಟ್ಟುವವರೆಗೆ ಎಳೆಯಿರಿ. ಎತ್ತರ ಊಹಿಸುವ ಮಾತೇ ಇಲ್ಲ.

ನಿಮ್ಮ ಸಮಯವನ್ನೆಲ್ಲ ಮೆಟ್ಟಿಲಿಗೆ ಕೊಡಿ. ನೆಲದಿಂದ ನೆಲಕ್ಕೆ 10 ಅಡಿ ಅಂದರೆ 120 ಇಂಚು. ಒಂದೊಂದು ಮೆಟ್ಟಿಲು 6 ಇಂಚು ಎತ್ತರ ಅಂದರೆ 20 ಮೆಟ್ಟಿಲು. ಲ್ಯಾಂಡಿಂಗ್ (ನಡುವೆ ಮೆಟ್ಟಿಲು ತಿರುಗುವ ಚಪ್ಪಟೆ ಜಾಗ) ತನಕ 10, ಅಲ್ಲಿಂದ ಮೇಲಕ್ಕೆ 10. ಹಾಗಾದರೆ ಲ್ಯಾಂಡಿಂಗ್ ಕೂರೋದು 5 ಅಡಿಗೆ. 5 ಇಂಚಿನ ಸ್ಲ್ಯಾಬ್ ಕಳೆದರೆ ಕೆಳಗೆ ಉಳಿಯೋದು 4 ಅಡಿ 7 ಇಂಚು. ಎಷ್ಟೋ ಪ್ಲಾನ್‌ಗಳಲ್ಲಿ ಅಲ್ಲೇ ಟಾಯ್ಲೆಟ್ ಬರೆದಿರುತ್ತಾರೆ. ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಮಾಡೆಲ್‌ನಲ್ಲಿ ಐದೂವರೆ ಅಡಿಯ ಒಂದು ಆಳನ್ನು ಅಲ್ಲಿ ನಿಲ್ಲಿಸಿ ನೋಡಿ, ತಲೆ ಸ್ಲ್ಯಾಬಿನೊಳಗೆ ಹೋಗಿರುತ್ತದೆ. ಸಾಲ ಮಾಡಿ ಮನೆ ಕಟ್ಟುವವರಿಗೆ ಇದು ಪಾಯ ತೆಗೆಯುವ ಮೊದಲೇ ಗೊತ್ತಾಗಬೇಕು, ಅಲ್ವಾ? ನೆಲ ತಗ್ಗಿಸೋದೋ, ಟಾಯ್ಲೆಟ್ ಜಾಗ ಬದಲಿಸೋದೋ, ಆಗಲೇ ಕೂತು ಮಾತಾಡಬಹುದು.

ಬಣ್ಣ, ಟೈಲ್ಸ್ ಆಮೇಲೆ ನೋಡಿಕೊಳ್ಳಿ. ಅದಕ್ಕೂ ಮೊದಲು ಲೊಕೇಶನ್ ದಾವಣಗೆರೆಗೆ ಹಾಕಿ, ನೆರಳು ಆನ್ ಮಾಡಿ. ನಮ್ಮೂರು ಇರೋದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳಿಂದ ಜುಲೈವರೆಗೆ ನಡುಮಧ್ಯಾಹ್ನದ ಬಿಸಿಲೂ ತುಸು ಉತ್ತರದಿಂದಲೇ ಬೀಳುತ್ತದೆ. ಉತ್ತರದ ಕಿಟಕಿಗೆ ಸಜ್ಜಾ ಬಿಟ್ಟಿಲ್ಲ ಅಂದರೆ ಜೂನ್ 21ರ ನೆರಳು ಹಾಕಿ, ಮನೆಯವರಿಗೆ ಸ್ಕ್ರೀನಿನಲ್ಲೇ ತೋರಿಸಿ.