ಕ್ರೀಟ್‌ನಿಂದ ಸ್ಯಾಂಟೊರಿನಿಗೆ: ಬೆಳಿಗ್ಗೆ ಹೋಗಿ ರಾತ್ರಿ ಬರುವುದು ಹೇಗೆ?

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋದವರು ಹೋಟೆಲಿನಲ್ಲಿ ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ. ‘ಇಲ್ಲಿಂದ ಸ್ಯಾಂಟೊರಿನಿಗೆ ಹೋಗಿ ಅದೇ ದಿನ ವಾಪಸ್ ಬರಬಹುದಾ?’ ಖಂಡಿತ ಬರಬಹುದು. ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೆರಾಕ್ಲಿಯಾನ್ ಬಂದರಿನಿಂದ ವೇಗದ ಫೆರಿಗಳು ಹೊರಡುತ್ತವೆ. ಎರಡು ಗಂಟೆಯ ಆಸುಪಾಸಿನ ದಾರಿ. ಹೋಟೆಲಿನಿಂದ ಬಂದರಿಗೆ ಬಸ್ಸು, ಹಡಗಿನ ಟಿಕೆಟ್ಟು, ಅಲ್ಲಿ ಇಳಿದ ಮೇಲೆ ಇನ್ನೊಂದು ಬಸ್ಸು, ಜೊತೆಗೊಬ್ಬ ಗೈಡ್. ಎಲ್ಲವನ್ನೂ ಸೇರಿಸಿ ಮಾರುವ ಟ್ರಾವೆಲ್ ಏಜೆನ್ಸಿಗಳು ಅಲ್ಲಿ ಬೇಕಾದಷ್ಟಿವೆ.

ಆದರೆ ಹಣ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ. ಬೆಳಿಗ್ಗೆ ಎಂಟೂವರೆ ಸುಮಾರಿಗೆ ಹಡಗು ಬಿಟ್ಟರೆ ಹತ್ತೂವರೆಗೆ ಸ್ಯಾಂಟೊರಿನಿ. ವಾಪಸ್ ಹಡಗು ಸಂಜೆ ಐದೂವರೆ ಸುಮಾರಿಗೆ. ಏಳು ಗಂಟೆ ಸಿಕ್ಕಿತು ಅನ್ನಿಸುತ್ತದೆ ಅಲ್ವಾ? ಬಸ್ಸಿನ ಓಡಾಟ, ಬಂದರಿನಲ್ಲಿ ಕಾಯುವುದು ಎಲ್ಲ ಕಳೆದರೆ ನಿಮ್ಮ ಕಾಲಿಗೆ ಸಿಗುವುದು ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಎರಡು ಜಾಗ ನೋಡಿ, ಉಳಿದದ್ದನ್ನು ಬಿಟ್ಟುಬಿಡಿ. ಐದು ಜಾಗ ತೋರಿಸುತ್ತೇವೆ ಎನ್ನುವ ಟೂರಿನಲ್ಲಿ ನೀವು ಜಾಸ್ತಿ ನೋಡುವುದು ಬಸ್ಸಿನ ಕಿಟಕಿಯನ್ನೇ.

ಯಾವ ದಿನ, ಯಾವ ಊರಿನಿಂದ

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಜೋರು ಒಣಗಾಳಿ ಬೀಸುತ್ತದೆ. ಅದಕ್ಕೆ ಮೆಲ್ಟೆಮಿ ಎಂದು ಹೆಸರು. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಆದರೂ ಸಮುದ್ರ ಏಳುತ್ತಿರುತ್ತದೆ. ಸ್ಯಾಂಟೊರಿನಿ ಇರುವುದು ಕ್ರೀಟ್‌ನ ಉತ್ತರಕ್ಕೆ. ಹಾಗಾಗಿ ಹೋಗುವಾಗ ಹಡಗು ಈ ಗಾಳಿಗೆ ಎದುರಾಗಿಯೇ ನುಗ್ಗಬೇಕು. ಗಾಳಿ ಮಿತಿ ಮೀರಿದರೆ ಕರಾವಳಿ ಕಾವಲು ಪಡೆ ಹಡಗುಗಳನ್ನು ತಡೆಯುತ್ತದೆ. ವೇಗದ ಹಡಗುಗಳಿಗೆ ಈ ತಡೆ ದೊಡ್ಡ ಹಡಗುಗಳಿಗಿಂತ ಮೊದಲೇ ಬೀಳುತ್ತದೆ.

ಆದ್ದರಿಂದ ಕ್ರೀಟ್‌ನಲ್ಲಿರುವ ಕೊನೆಯ ದಿನಕ್ಕೆ ಈ ಪ್ರವಾಸವನ್ನು ಇಟ್ಟುಕೊಳ್ಳಲೇಬೇಡಿ. ಮೊದಲ ಎರಡು ಮೂರು ದಿನಗಳಲ್ಲೇ ಮುಗಿಸಿ. ಒಂದು ದಿನ ಹಡಗು ನಿಂತರೆ ಮರುದಿನಕ್ಕೆ ಹಾಕಿಸಿಕೊಳ್ಳಬಹುದು. ಹಡಗು ರದ್ದಾದರೆ, ಇಲ್ಲವೇ ಹೊರಡುವುದು 90 ನಿಮಿಷಕ್ಕಿಂತ ತಡವಾದರೆ, ಟಿಕೆಟ್ ಹಣ ವಾಪಸ್ ಪಡೆಯುವ ಅಥವಾ ಬೇರೆ ಹಡಗಿನಲ್ಲಿ ಹೋಗುವ ಹಕ್ಕನ್ನು ಐರೋಪ್ಯ ಒಕ್ಕೂಟದ ನಿಯಮವೇ ಪ್ರಯಾಣಿಕರಿಗೆ ಕೊಟ್ಟಿದೆ. ಕೌಂಟರಿನಲ್ಲಿ ಸುಮ್ನೆ ತಲೆಯಾಡಿಸಿ ಬರಬೇಡಿ, ಕೇಳಿ. ನನ್ನ ಆಯ್ಕೆ ಕೇಳಿದರೆ ಮೇ ತಿಂಗಳು, ಅದು ಆಗದಿದ್ದರೆ ಸೆಪ್ಟೆಂಬರ್‌ನ ಕೊನೆ. ಬಿಸಿಲೂ ಕಡಿಮೆ, ಜನವೂ ಕಡಿಮೆ.

ಉಳಿದುಕೊಂಡಿರುವ ಊರೂ ಮುಖ್ಯ. ಹೆರಾಕ್ಲಿಯಾನ್ ಅಥವಾ ಹತ್ತಿರದ ಹೆರ್ಸೋನಿಸೋಸ್‌ನಲ್ಲಿದ್ದರೆ ತೊಂದರೆಯಿಲ್ಲ. ಹಾನ್ಯಾದಲ್ಲಿದ್ದರೆ ಬಂದರಿಗೆ ಸುಮಾರು 140 ಕಿಲೋಮೀಟರ್. ಬೆಳಗಿನ ಜಾವ ಕತ್ತಲಿರುವಾಗಲೇ ಎದ್ದು ಬಸ್ಸಿಗೆ ಕಾಯಬೇಕು, ಹೋಟೆಲಿಗೆ ವಾಪಸ್ ಬರುವುದೂ ತಡರಾತ್ರಿಗೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಿಂದಿನ ರಾತ್ರಿ ಹೆರಾಕ್ಲಿಯಾನ್‌ಗೆ ಬಂದು ಮಲಗಿ.

ಬುಕ್ ಮಾಡುವಾಗ ಕೇಳಬೇಕಾದ್ದು

‘ಗೈಡ್ ಇರುತ್ತಾರೆ’ ಎಂಬ ಮಾತಿಗೆ ಎರಡು ಅರ್ಥ ಇದೆ. ಗ್ರೀಸ್‌ನಲ್ಲಿ ಪ್ರಾಚೀನ ಸ್ಥಳಗಳಲ್ಲಿ ವಿವರಿಸಿ ಹೇಳುವ ಗೈಡ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ಅದಕ್ಕಾಗಿ ಓದಿ ಪಾಸಾಗಿರುತ್ತಾರೆ. ಇನ್ನೊಂದು ಬಗೆಯವರು ಬರೀ ಜೊತೆಗಾರರು. ತಲೆ ಎಣಿಸಿ ಬಸ್ಸು ಹತ್ತಿಸುವುದು, ಎಷ್ಟು ಹೊತ್ತಿಗೆ ಎಲ್ಲಿ ಸೇರಬೇಕು ಎಂದು ಹೇಳುವುದು, ಇಷ್ಟೇ ಅವರ ಕೆಲಸ. ನಾನು ಹೋದ ಟೂರಿನಲ್ಲಿ ಇದ್ದದ್ದು ಎರಡನೆಯ ಬಗೆ, ಅದು ನನಗೆ ಗೊತ್ತಾದದ್ದು ಹಡಗು ಹತ್ತಿದ ಮೇಲೆ. ಹಾಗಾಗಿ ನೇರವಾಗಿ ಕೇಳಿ: ಲೈಸೆನ್ಸ್ ಇರುವ ಗೈಡಾ? ಯಾವ ಭಾಷೆಯಲ್ಲಿ ಹೇಳುತ್ತಾರೆ? ಪ್ರತಿ ಊರಿನಲ್ಲಿ ಬಿಡುವಿನ ಸಮಯ ಎಷ್ಟು? ಬೂದಿಯಡಿ ಸಿಕ್ಕ ಹಳೆಯ ಕಾಲದ ಊರು ಅಕ್ರೋಟಿರಿ ಟೂರಿನಲ್ಲಿ ಇದ್ದರೆ ಅದರ ಪ್ರವೇಶದ ಟಿಕೆಟ್ ಸೇರಿದೆಯಾ? ಗಾಳಿಯಿಂದ ಹಡಗು ನಿಂತರೆ ಪೂರ್ತಿ ಹಣ ಬರುತ್ತದಾ, ಬಸ್ಸಿನದೂ ಸೇರಿ?

ಷೆಂಗೆನ್ ವೀಸಾ ಇದ್ದವರಿಗೆ ಇದಕ್ಕಾಗಿ ಬೇರೆ ಕಾಗದ ಬೇಡ, ಎರಡೂ ಗ್ರೀಸ್‌ನದೇ ದ್ವೀಪಗಳು. ಆದರೆ ಟಿಕೆಟ್ಟಿನ ಮೇಲೆ ಹೆಸರಿರುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ.

ಸಾಧ್ಯವಾದರೆ ಹಿಂದಿನ ದಿನ ಹೆರಾಕ್ಲಿಯಾನ್‌ನ ಪುರಾತತ್ವ ಮ್ಯೂಸಿಯಂ ನೋಡಿ, ಕ್ನಾಸೋಸ್ ಅರಮನೆಗೂ ಹೋಗಿ ಬನ್ನಿ. ಆ ಅರಮನೆ ಕಟ್ಟಿದ ಮಿನೋವನ್ ಜನರ ಕಾಲದಲ್ಲೇ ಸ್ಯಾಂಟೊರಿನಿಯಲ್ಲಿ ಒಂದು ಶ್ರೀಮಂತ ಊರಿತ್ತು. ಅದು ಬೂದಿಯಡಿ ಹೋದ ಕತೆ ಗೊತ್ತಿದ್ದು ಹಡಗು ಹತ್ತಿದರೆ ಆ ದ್ವೀಪ ಬೇರೆಯೇ ಆಗಿ ಕಾಣುತ್ತದೆ.

ಹಡಗಿನಲ್ಲಿ

ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಹೊರಡಬೇಡಿ. ಎರಡು ತುಂಡು ಒಣ ಬ್ರೆಡ್ಡು, ಒಂದು ಬಾಳೆಹಣ್ಣು ಸಾಕು. ಬಸ್ಸಿನಲ್ಲಿ ವಾಂತಿ ಬರುವವರು ಹಡಗು ಹತ್ತುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಬಿಪಿ, ಶುಗರ್ ಇದ್ದವರು ಯಾವ ಮಾತ್ರೆ ಎಂದು ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಹಡಗಿನ ಮೂತಿ ಮೇಲೆ ಕೆಳಗೆ ಜಾಸ್ತಿ ಆಡುತ್ತದೆ. ನಡುವೆ ಅಥವಾ ಹಿಂದೆ, ಕೆಳಗಿನ ಅಂತಸ್ತಿನಲ್ಲಿ ಕೂತರೆ ಹಗುರ. ಮೊಬೈಲ್ ಒಳಗಿಡಿ. ದೂರದಲ್ಲಿ ಆಕಾಶ, ನೀರು ಸೇರುವ ಗೆರೆಯನ್ನು ನೋಡುತ್ತಿರಿ.

ಒಂದೂವರೆ ಗಂಟೆ ಕಳೆದ ಮೇಲೆ ಎದ್ದು ನಿಲ್ಲಿ. ಹಿಂದಿನ ಡೆಕ್ಕಿಗೆ ಬಿಟ್ಟರೆ ಅಲ್ಲಿಗೆ ಹೋಗಿ, ಬಿಡದಿದ್ದರೆ ಬಲಗಡೆಯ ಕಿಟಕಿಗೆ. ಹಡಗು ದ್ವೀಪದ ನೈಋತ್ಯ ಮೂಲೆಯನ್ನು ಬಳಸಿಕೊಂಡು ಒಳಗೆ ತಿರುಗುತ್ತದೆ. ಆಗ ಎದುರಿಗೆ ಸುಮಾರು 300 ಮೀಟರ್ ಎತ್ತರದ ಕಡಿದಾದ ಗೋಡೆ ಏಳುತ್ತದೆ. ಕಪ್ಪು, ಕೆಂಪು, ಕಂದು ಪದರಗಳು. ತುದಿಯಲ್ಲಿ ಬಿಳಿ ಮನೆಗಳ ಸಾಲು, ಹಿಮ ಬಿದ್ದ ಹಾಗೆ.

ಆ ಹೊತ್ತಿನಲ್ಲಿ ನೀವಿರುವುದು ಜ್ವಾಲಾಮುಖಿಯ ಒಳಗೆ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಇಲ್ಲಿ ಬೆಟ್ಟ ಸಿಡಿಯಿತು. ಒಳಗಿನ ಕಾದ ಕಲ್ಲೆಲ್ಲ ಹೊರಗೆ ಬಂದು, ಬುಡ ಟೊಳ್ಳಾಗಿ, ನಡುಭಾಗ ಕುಸಿಯಿತು. ಅದರೊಳಗೆ ಸಮುದ್ರ ನುಗ್ಗಿತು. ಈ ಕುಳಿ ಸುಮಾರು 12 ಕಿಲೋಮೀಟರ್ ಉದ್ದ, 7 ಕಿಲೋಮೀಟರ್ ಅಗಲ ಇದೆ. ಗೋಡೆಯ ಮೇಲ್ತುದಿಯಲ್ಲಿ ಕಾಣುವ ಬೆಳ್ಳನೆಯ ದಪ್ಪ ಪದರ ಆ ಸಿಡಿತದ ಬೂದಿ, ಪ್ಯೂಮಿಸ್ ಕಲ್ಲು. 1860ರ ದಶಕದಲ್ಲಿ ಸೂಯೆಜ್ ಕಾಲುವೆ ಕಟ್ಟುವಾಗ ಸಿಮೆಂಟಿಗೆಂದು ಇದನ್ನೇ ಇಲ್ಲಿಂದ ಅಗೆದು ಸಾಗಿಸಿದರು. ಎಡಗಡೆ ನೀರಿನ ನಡುವೆ ಕರ್ರಗೆ ಕೂತಿರುವ ದ್ವೀಪ ನೇಯಾ ಕಮೇನಿ. ಅದು ಕೊನೆಯ ಸಲ ಲಾವಾ ಉಗುಳಿದ್ದು 1950ರಲ್ಲಿ. ಜನ ಸ್ಯಾಂಟೊರಿನಿಗೆ ಬರುವುದು ನೀಲಿ ಗುಮ್ಮಟದ ಫೋಟೋಗೆ. ನನಗೆ ಮಾತ್ರ ಈ ಹತ್ತು ನಿಮಿಷವೇ ಇಡೀ ದಿನದ ದೊಡ್ಡ ನೋಟ. ನನ್ನ ಜೊತೆ ಬಂದವರಲ್ಲಿ ಅರ್ಧಕ್ಕರ್ಧ ಜನ ಆಗ ಇಳಿಯುವ ಸಾಲಿನಲ್ಲಿ ಬ್ಯಾಗು ಹಿಡಿದು ನಿಂತಿದ್ದರು. ನೀವು ಹಾಗೆ ಮಾಡಬೇಡಿ. ಹಡಗು ಅಥಿನಿಯೋಸ್ ಬಂದರಿಗೆ ತಾಗಿದ ಮೇಲೂ ಇಳಿಯಲು ಸಮಯ ಇರುತ್ತದೆ.

ಇಳಿದ ಕೂಡಲೇ ನಿಮ್ಮ ಏಜೆನ್ಸಿಯ ಬೋರ್ಡ್ ಹುಡುಕಿ. ಬಂದರು ಇಕ್ಕಟ್ಟು, ಹತ್ತಾರು ಬಸ್ಸು, ನೂರಾರು ಜನ. ಬಸ್ಸಿನ ನಂಬರ್ ಫೋಟೋ ತೆಗೆದುಕೊಳ್ಳಿ, ಎಲ್ಲ ಬಸ್ಸೂ ಒಂದೇ ಥರ ಇರುತ್ತವೆ.

ಈಯಾ, ಇಲ್ಲವೇ ಅಕ್ರೋಟಿರಿ

ಇಂಗ್ಲಿಷಿನಲ್ಲಿ ಓಯಾ ಎಂದು ಬರೆದರೂ ಅಲ್ಲಿಯವರ ಬಾಯಲ್ಲಿ ಅದು ಈಯಾ. ದ್ವೀಪದ ಉತ್ತರ ತುದಿಯಲ್ಲಿದೆ. ಬಸ್ಸು ಇಳಿದು ಅಮೃತಶಿಲೆ ಹಾಸಿದ ಮುಖ್ಯ ಓಣಿಗೆ ಬಂದರೆ ಬಲಕ್ಕೆ ತಿರುಗಿ ಪಶ್ಚಿಮಕ್ಕೆ, ಹಾಳು ಕೋಟೆಯ ಕಡೆಗೆ ನಡೆಯಿರಿ. ಇಲ್ಲಿನ ಎಷ್ಟೋ ಮನೆಗಳು ಬೂದಿಕಲ್ಲನ್ನೇ ಕೊರೆದು ಮಾಡಿದ ಗುಹೆಮನೆಗಳು. ಮರ ಸಿಗದ ದ್ವೀಪದಲ್ಲಿ ಬಡ ನಾವಿಕರು ಕಂಡುಕೊಂಡ ದಾರಿ ಅದು. 1956ರ ಜುಲೈ 9ರಂದು ದೊಡ್ಡ ಭೂಕಂಪವಾಗಿ 50ಕ್ಕೂ ಹೆಚ್ಚು ಜನ ಸತ್ತರು. ಈಯಾ ಬಹುಪಾಲು ಬಿದ್ದುಹೋಗಿ ಜನ ಊರು ಬಿಟ್ಟರು. ಇಂದು ಒಂದು ರಾತ್ರಿಗೆ ಕಣ್ಣು ಬಿಡಿಸುವಷ್ಟು ಬಾಡಿಗೆ ಇರುವ ಕೋಣೆಗಳಲ್ಲಿ ಎಷ್ಟೋ ಆಗ ಬಿದ್ದ ಗೋಡೆಗಳನ್ನು ಎತ್ತಿ ಕಟ್ಟಿದವು. 2025ರ ಆರಂಭದಲ್ಲೂ ವಾರಗಟ್ಟಲೆ ನೆಲ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟು ಹೋಗಿದ್ದರು. ಹೊರಡುವ ಮೊದಲು ಅಲ್ಲಿನ ಸುದ್ದಿ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ಒಂದು ಮಾತು. ಒಬ್ಬರ ಮನೆಯ ಸೂರು ಇನ್ನೊಬ್ಬರ ಅಂಗಳದಂತೆ ಕಾಣುತ್ತದೆ. ಫೋಟೋಗಾಗಿ ಅದರ ಮೇಲೆ ಹತ್ತಬೇಡಿ. ಅದರ ಕೆಳಗೆ ಯಾರೋ ಮಲಗಿರುತ್ತಾರೆ.

ಈಯಾದ ಸೂರ್ಯಾಸ್ತ ಈ ಪ್ರವಾಸದಲ್ಲಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆ ಹೊತ್ತಿಗೆ. ಅಷ್ಟರಲ್ಲಿ ನೀವು ಕ್ರೀಟ್ ತಲುಪಿರುತ್ತೀರಿ. ಅದೇ ಬೇಕು ಎನ್ನುವವರು ಒಂದು ರಾತ್ರಿ ಉಳಿಯಿರಿ.

ಹಳೆಯ ಕಾಲದ ಊರು ನೋಡುವ ಆಸೆ ಇದ್ದರೆ ಈಯಾ ಬಿಟ್ಟು ಅಕ್ರೋಟಿರಿಗೆ ಹೋಗುವ ಟೂರ್ ಆರಿಸಿ. ನಾನು ಮತ್ತೆ ಹೋದರೆ ಅದನ್ನೇ ಆರಿಸುತ್ತೇನೆ. 1967ರಲ್ಲಿ ಸ್ಪಿರಿಡಾನ್ ಮರಿನಾಟೋಸ್ ಇಲ್ಲಿ ಅಗೆಯಲು ಶುರು ಮಾಡಿದರು. ಬೂದಿಯಡಿಯಿಂದ ಎರಡು ಮೂರು ಅಂತಸ್ತಿನ ಮನೆಗಳು, ಕಲ್ಲು ಹಾಸಿದ ಬೀದಿ, ಚರಂಡಿ, ಧಾನ್ಯದ ದೊಡ್ಡ ಗುಡಾಣಗಳು ಹೊರಬಂದವು. ಆದರೆ ಸಿಡಿತದಲ್ಲಿ ಸತ್ತವರ ದೇಹಗಳು ಸಿಗಲಿಲ್ಲ. ಮೊದಲೇ ನೆಲ ನಡುಗಿದ್ದನ್ನು ಕಂಡು ಜನ ಹೊರಟುಹೋಗಿದ್ದರು ಎಂದು ತಿಳಿದವರು ಹೇಳುತ್ತಾರೆ. ಇಡೀ ಜಾಗಕ್ಕೆ ಚಾವಣಿ ಇರುವುದರಿಂದ ಮಧ್ಯಾಹ್ನದ ಬಿಸಿಲಿಗೂ ಒಳ್ಳೆಯದು.

ಫಿರಾದಲ್ಲಿ ಊಟ

ಎರಡನೆಯ ನಿಲುಗಡೆ ಸಾಮಾನ್ಯವಾಗಿ ಫಿರಾ, ದ್ವೀಪದ ಮುಖ್ಯ ಊರು. ಕುಳಿಯ ಅಂಚಿನ ಮೇಲಿನ ಹೋಟೆಲುಗಳಲ್ಲಿ ನೋಟಕ್ಕೂ ಸೇರಿಸಿ ಬಿಲ್ ಬರುತ್ತದೆ. ಎರಡು ಓಣಿ ಹಿಂದಕ್ಕೆ ಬನ್ನಿ.

ಸಸ್ಯಾಹಾರಿಗಳಿಗೆ ಈ ದ್ವೀಪ ಒಳ್ಳೆಯದು. ಮೊದಲು ಕೇಳಬೇಕಾದ್ದು ಫಾವಾ. ಇಲ್ಲಿನ ಹಳದಿ ಬೇಳೆಯನ್ನು ಬೇಯಿಸಿ ಮಸೆದು, ಮೇಲೆ ಆಲಿವ್ ಎಣ್ಣೆ, ಹೆಚ್ಚಿದ ಈರುಳ್ಳಿ ಹಾಕಿ ಕೊಡುತ್ತಾರೆ. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ. ಆಮೇಲೆ ದೊಮಾತೊಕೆಫ್ತೇದೆಸ್, ಅಂದರೆ ಇಲ್ಲಿನ ಪುಟ್ಟ ಟೊಮೆಟೊ, ಈರುಳ್ಳಿ, ಪುದೀನಾ ಸೇರಿಸಿ ಕರಿದ ಬೋಂಡಾ. ಮಳೆ ಕಡಿಮೆ ಇರುವ ನೆಲದಲ್ಲಿ ಹೆಚ್ಚಾಗಿ ನೀರು ಹಾಯಿಸದೇ ಬೆಳೆಯುವುದರಿಂದ ಆ ಟೊಮೆಟೊಗೆ ರುಚಿ ಜಾಸ್ತಿ. ಬಿಳಿ ಬದನೆಕಾಯಿಯೂ ಸಿಗುತ್ತದೆ.

ಮಾಂಸ ಬೇಡ ಎನ್ನಲು ‘ಹೊರೀಸ್ ಕ್ರೇಯಾಸ್’ ಎನ್ನಿ. ಉಪವಾಸದ ಅಡುಗೆಗೆ ಅಲ್ಲಿ ‘ನಿಸ್ತೀಸಿಮೊ’ ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ! ಆ ಪದ ಕೇಳಿ ನಂಬಿ ಕೂರಬೇಡಿ, ಇನ್ನೊಮ್ಮೆ ವಿಚಾರಿಸಿ. ಕುಡಿಯಲು ಬಾಟಲಿ ನೀರು ಕೊಳ್ಳಿ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಿ, ಅಲ್ಲಿನ ಪೈಪುಗಳು ಸಣ್ಣವು.

ಊಟವಾದ ಮೇಲೆ ಅಂಚಿನ ದಾರಿಯಲ್ಲಿ ನಡೆದಾಡಿ. ಆದರೆ ಕೆಳಗೆ ಕಾಣುವ ಹಳೆಯ ಬಂದರಿಗೆ ಇಳಿಯಲು ಹೋಗಬೇಡಿ. ಅದು ದೊಡ್ಡ ಕ್ರೂಸ್ ಹಡಗುಗಳ ಜನ ದೋಣಿಯಲ್ಲಿ ಬಂದಿಳಿಯುವ ಜಾಗ. ನಿಮ್ಮ ಫೆರಿ ಹೊರಡುವುದು ಅಲ್ಲಿಂದಲ್ಲ, ಅಥಿನಿಯೋಸ್‌ನಿಂದ. ಇದನ್ನು ಮರೆತು ಕೆಳಗಿಳಿದರೆ ವಾಪಸ್ ಬರಲು ಕೇಬಲ್ ಕಾರಿನ ಉದ್ದ ಸಾಲು, ಇಲ್ಲವೇ ಸುಮಾರು 588 ಮೆಟ್ಟಿಲು. ಕತ್ತೆಗಳ ಮೇಲೆ ಕೂರಿಸಿ ಹತ್ತಿಸುವವರೂ ಇದ್ದಾರೆ. ಒಂದು ಪ್ರಾಣಿಯ ಮೇಲೆ 100 ಕಿಲೋ, ಇಲ್ಲವೇ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರಬಾರದು ಎಂದು 2018ರಲ್ಲಿ ಗ್ರೀಸ್ ಸರ್ಕಾರ ಹೇಳಿದೆ. ಆದರೂ ಸುಡುಬಿಸಿಲಲ್ಲಿ ಆ ಮೆಟ್ಟಿಲುಗಳ ಮೇಲೆ ಅವುಗಳನ್ನು ನೋಡಿದ ಮೇಲೆ ಹತ್ತಲು ನನಗಂತೂ ಮನಸ್ಸು ಬರಲಿಲ್ಲ. ನೀವೂ ಹತ್ತಬೇಡಿ.

ವಾಪಸ್

ಗೈಡ್ ಹೇಳಿದ ಸಮಯಕ್ಕೆ ಹತ್ತು ನಿಮಿಷ ಮೊದಲೇ ಬಸ್ಸಿನ ಬಳಿ ಇರಿ. ಬಂದರಿಗೆ ಇಳಿಯುವ ರಸ್ತೆ ಬರೀ ಹೇರ್‌ಪಿನ್ ತಿರುವು. ಸಂಜೆ ಅಲ್ಲಿ ಬಸ್ಸು, ಲಾರಿಗಳು ಒಂದರ ಹಿಂದೊಂದು ನಿಲ್ಲುತ್ತವೆ. ಒಬ್ಬರು ತಡ ಮಾಡಿದರೆ ಇಡೀ ಬಸ್ಸಿಗೆ ಹಡಗು ತಪ್ಪಬಹುದು. ಬಂದರಿನಲ್ಲಿ ಕಾಯುವಾಗ ನೆರಳು ಕಡಿಮೆ, ಟೋಪಿ ಮತ್ತು ನೀರು ಕೈಯಲ್ಲಿರಲಿ.

ಮರಳುವಾಗ ಗಾಳಿ ಬೆನ್ನಿಗಿರುತ್ತದೆ, ಬೆಳಗಿನಷ್ಟು ಕುಲುಕಾಟ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವರು ನಿದ್ದೆ ಹೋಗುತ್ತಾರೆ. ಹೆರಾಕ್ಲಿಯಾನ್‌ನಲ್ಲಿ ಇಳಿದಾಗ ಬೆಳಿಗ್ಗೆ ಕರೆತಂದ ಬಸ್ಸೇ ಕಾಯುತ್ತಿರುತ್ತದೆ ಅಂದುಕೊಳ್ಳಬೇಡಿ. ರಾತ್ರಿ ನಂಬರ್ ಬದಲಾಗಿರಬಹುದು. ಹಡಗು ಇಳಿಯುವ ಮೊದಲೇ ಗೈಡನ್ನು ಹುಡುಕಿ, ನಿಮ್ಮ ಹೋಟೆಲಿನ ಹೆಸರು ಹೇಳಿ, ಯಾವ ಬಸ್ಸು ಎಂದು ಕೇಳಿ ಬರೆದುಕೊಳ್ಳಿ.