ಹಳೆ ಪಾದರಸದ ಥರ್ಮಾಮೀಟರ್ ಎಸೆಯುವ ಮುನ್ನ

ಹಳೆ ಪಾದರಸದ ಥರ್ಮಾಮೀಟರನ್ನು ಸುಮ್ನೆ ಕಸಕ್ಕೆ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೇಲೆ ‘ಪಾದರಸ’ ಅಂತ ದಪ್ಪಗೆ ಬರೆದು, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಿ. ಪಾದರಸ ಕೋಣೆಯ ಬಿಸಿಗೇ ಆವಿಯಾಗುತ್ತದೆ. ಆ ಆವಿ ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಒಳಗೆ ಗಾಜು ಒಡೆದರೂ ಮುಚ್ಚಳ ಆ ಆವಿಯನ್ನು ತಡೆಯುತ್ತದೆ. ಅಲ್ಯೂಮಿನಿಯಂ ಡಬ್ಬಿ ಮಾತ್ರ ಬೇಡವೇ ಬೇಡ, ಪಾದರಸ ಆ ಲೋಹವನ್ನೇ ತಿಂದುಹಾಕುತ್ತದೆ. ಪಾದರಸದ ಬಿಪಿ ಯಂತ್ರಕ್ಕೆ ಈ ಉಪಾಯ ಸಾಲದು, ಅದರಲ್ಲಿ ಪಾದರಸ ತುಂಬಾ ಜಾಸ್ತಿ. ಬಿಚ್ಚದೆ, ನೆಟ್ಟಗೆ ನಿಲ್ಲಿಸಿಕೊಂಡೇ ಸಾಗಿಸಿ. ಈಗಾಗಲೇ ಒಡೆದು ಚೆಲ್ಲಿದೆಯಾ? ಪೊರಕೆ, ವ್ಯಾಕ್ಯೂಮ್ ಬೇಡ, ಹನಿಗಳು ಇನ್ನಷ್ಟು ಹರಡುತ್ತವೆ. ಕಿಟಕಿ ತೆರೆದು, ಗ್ಲೌಸ್ ಹಾಕಿ, ಗಟ್ಟಿ ಕಾರ್ಡಿನಿಂದ ಮೆಲ್ಲಗೆ ಒಟ್ಟು ಮಾಡಿ. ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಸಾಸಿವೆಗಿಂತ ಚಿಕ್ಕ ಹನಿಯೂ ಮಿನುಗುತ್ತದೆ.